ಟಸ್ಕನಿಯ ಬಿಳಿ ಮಣ್ಣಿನ ರಸ್ತೆಗಳಲ್ಲಿ ಸೈಕಲ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಅಕ್ಟೋಬರ್ ಶುರುವಿನಲ್ಲಿ. ಎರಡೂ ಸಲ ಜಾಗ ಒಂದೇ: ಇಟಲಿಯ ಟಸ್ಕನಿಯಲ್ಲಿ, ಸಿಯೆನಾ ಊರಿನಿಂದ ದಕ್ಷಿಣಕ್ಕೆ ಹಬ್ಬಿರುವ ಗುಡ್ಡಗಳ ನಾಡು. ಗೆಳೆಯರು, ಗೆಳೆಯರ ಗೆಳೆಯರು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇದೇ ಹದಿನೈದು ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ರಸ್ತೆಯಲ್ಲಿ ನಿಜಕ್ಕೂ ಗಾಡಿಗಳೇ ಇರೋದಿಲ್ವಾ?

ಇರುತ್ತವೆ. ಯಾವ ರಸ್ತೆ ಹಿಡಿಯುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಸಿಯೆನಾದಿಂದ ರೋಮ್ ಕಡೆಗೆ ಹೋಗುವ ಕಾಸಿಯಾ ಹೆದ್ದಾರಿಯಲ್ಲಿ ಲಾರಿ, ಬಸ್ಸು, ಕಾರು ಎಲ್ಲಾ ಇವೆ. ಸಿಯೆನಾ–ಫ್ಲಾರೆನ್ಸ್ ನಡುವಿನ ವೇಗದ ರಸ್ತೆಗೆ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಕಿಯಾಂಟಿ ಸೀಮೆಯನ್ನು ಸೀಳಿಕೊಂಡು ಹೋಗುವ ರಸ್ತೆಯಲ್ಲಿ ವಾರಾಂತ್ಯಕ್ಕೆ ಮೋಟರ್‌ಬೈಕುಗಳ ಆರ್ಭಟ. ನಕ್ಷೆಯಲ್ಲಿ ದಪ್ಪಗೆ ಕಾಣುವ ಗೆರೆಗಳನ್ನು ಹಿಡಿದು ಹೋದವರು ಬಂದು, "ಎಲ್ರೀ ನೀವು ಹೇಳಿದ ಮೌನ?" ಅಂತ ನನ್ನನ್ನೇ ಬಯ್ಯುತ್ತಾರೆ.

ಕೂದಲೆಳೆಯಷ್ಟು ತೆಳ್ಳಗಿನ ಗೆರೆಗಳನ್ನು ಹಿಡಿಯಿರಿ. ಅವು ಬಿಳಿ ಮಣ್ಣಿನ ರಸ್ತೆಗಳು. ಅಲ್ಲಿನವರು 'ಸ್ಟ್ರಾದೆ ಬಿಯಾಂಕೆ' ಅನ್ನುತ್ತಾರೆ. ಅಂಥ ರಸ್ತೆಯಲ್ಲಿ ನನಗೆ ಒಂದು ಇಡೀ ಬೆಳಿಗ್ಗೆ ಎದುರಾದದ್ದು ಒಂದು ಟ್ರ್ಯಾಕ್ಟರು, ಅಂಚೆ ಹಂಚುವ ಒಂದು ಪುಟ್ಟ ಕಾರು, ಮತ್ತೆ ಹಿಂದೆ ಬುಟ್ಟಿ ತುಂಬಿಕೊಂಡಿದ್ದ ಒಂದು ಮೂರು ಚಕ್ರದ ಆಪೆ. ಹೌದು, ನಮ್ಮ ಊರುಗಳಲ್ಲಿ ಓಡುವ ಅದೇ ಆಪೆ. ಅದು ಹುಟ್ಟಿದ್ದು ಟಸ್ಕನಿಯಲ್ಲೇ.

ಕೋಟೆ ಗೋಡೆಯ ಒಳಗಿನ ಹಳೇ ಊರುಗಳಿಗೆ ಹೊರಗಿನವರ ಕಾರು ಬಿಡುವುದೇ ಇಲ್ಲ. ಗೋಡೆಯಾಚೆ ನಿಲ್ಲಿಸಿ ನಡೆದು ಬರಬೇಕು. ಸೈಕಲ್ಲಿನವರು ಬಾಗಿಲು ದಾಟಿ ನೇರ ಒಳಗೆ ಹೋಗಬಹುದು. ಜನ ಜಾಸ್ತಿ ಇದ್ದರೆ ಇಳಿದು ತಳ್ಳಿಕೊಂಡು ಹೋಗುವುದು ಮರ್ಯಾದೆ.

ಈ ಬಿಳಿ ರಸ್ತೆ ಅಂದ್ರೆ ಕಚ್ಚಾ ರಸ್ತೆ ತಾನೇ? ಅದರಲ್ಲೇನು ವಿಶೇಷ?

ಕಚ್ಚಾ ರಸ್ತೆಯೇ. ಸುಣ್ಣಕಲ್ಲಿನ ಜಲ್ಲಿ ಹಾಸಿ ಗಟ್ಟಿ ಮಾಡಿದ ದಾರಿ. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಒಂದು ಕಾರು ಹೋದರೆ ಹಿಟ್ಟಿನ ಗಿರಣಿಯಿಂದ ಎದ್ದ ಹಾಗೆ ಧೂಳು. ಗಾಡಿಯ ಚಕ್ರ ಓಡುವ ಎರಡು ಸಾಲು ಗಟ್ಟಿಯಾಗಿರುತ್ತವೆ, ನಡುವೆ ಮತ್ತು ಅಂಚಿನಲ್ಲಿ ಸಡಿಲ ಜಲ್ಲಿ. ಕೆಲವು ಕಡೆ ಅಡ್ಡಡ್ಡ ಅಲೆಯಲೆಯಾಗಿ ಎದ್ದಿರುತ್ತದೆ. ಅದರ ಮೇಲೆ ಇಳಿಯುವಾಗ ಹಲ್ಲು ಕಟಕಟ.

ಈ ರಸ್ತೆಗಳು ಇನ್ನೂ ಉಳಿದಿರುವುದರಲ್ಲಿ ಸೈಕಲ್ಲಿನವರ ಪಾಲೂ ಇದೆ. ಡಾಂಬರು ಬಂದು ಒಂದೊಂದೇ ಬಿಳಿ ರಸ್ತೆ ಕಪ್ಪಾಗುತ್ತಿದ್ದ ಕಾಲ ಅದು. 1997ರಲ್ಲಿ ಜಾನ್‌ಕಾರ್ಲೊ ಬ್ರೊಕ್ಕಿ ಎಂಬುವರು ಗಾಯೊಲೆ ಇನ್ ಕಿಯಾಂಟಿ ಎಂಬ ಊರಿನಲ್ಲಿ ಒಂದು ಸವಾರಿ ಶುರು ಮಾಡಿದರು. ಹೆಸರು ಲೆರೋಯಿಕಾ. ಮೊದಲ ವರ್ಷ ಬಂದವರು 92 ಜನ. ಹಳೇ ಉಕ್ಕಿನ ಸೈಕಲ್ಲು, ಉಣ್ಣೆಯ ಜೆರ್ಸಿ, ದಾರಿಯಲ್ಲಿ ರೊಟ್ಟಿ, ವೈನು. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ ಸೇರುತ್ತಾರೆ. 1987ಕ್ಕಿಂತ ಹಿಂದಿನ ಕಾಲದ ಸೈಕಲ್ಲೇ ಆಗಬೇಕು ಅನ್ನುವುದು ಅವರ ನಿಯಮ. ಅವರ ದಾರಿಗೆ ಈಗ ವರ್ಷವಿಡೀ ಇರುವ ಕಂದು ಬಣ್ಣದ ಫಲಕಗಳಿವೆ. ಒಟ್ಟು 209 ಕಿ.ಮೀ. ದಾರಿ ತಪ್ಪಿದೆ ಅನ್ನಿಸಿದಾಗ ಆ ಫಲಕ ಕಂಡರೆ ಜೀವ ಬಂದ ಹಾಗಾಗುತ್ತದೆ.

2007ರಿಂದ ವೃತ್ತಿಪರರ ಓಟವೂ ಇದೇ ರಸ್ತೆಗಳಲ್ಲಿ ನಡೆಯುತ್ತಿದೆ. ಈಗ ಮಾರ್ಚ್ ತಿಂಗಳಲ್ಲಿ. ಹೆಸರೇ ಸ್ಟ್ರಾದೆ ಬಿಯಾಂಕೆ. ಸಿಯೆನಾದ ದೊಡ್ಡ ಚೌಕದಲ್ಲಿ ಓಟ ಮುಗಿಯುವ ಮೊದಲು ಸಾಂತಾ ಕತೆರೀನಾ ಎಂಬ ಗಲ್ಲಿ ಏರಬೇಕು. 16 ಶೇಕಡಾ ಏರು. ನಾನೂ ಅಲ್ಲಿ ತುಳಿಯಲು ನೋಡಿದೆ. ಅರ್ಧಕ್ಕೆ ಇಳಿದೆ. ತರಕಾರಿ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ನನ್ನನ್ನು ದಾಟಿಕೊಂಡು ಹೋದರು.

ಇಷ್ಟು ಚೆಂದದ ಜಾಗ, ಇಷ್ಟೊಂದು ಖಾಲಿ ಯಾಕೆ?

ಇದನ್ನು ಕೇಳುವವರು ಕಡಿಮೆ. ಆದರೆ ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ.

ಮೊದಲ ಸಲ ಹೋದಾಗ ಈ ಮೌನ ಪ್ರಕೃತಿ ಕೊಟ್ಟದ್ದು ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿ ಜನ ತುಂಬಿದ್ದರು. ಆಮೇಲೆ ಎದ್ದು ಹೋದರು.

ಶತಮಾನಗಳ ಕಾಲ ಇಲ್ಲಿ ನಡೆದದ್ದು 'ಮೆದ್ಸಾದ್ರಿಯಾ' ಪದ್ಧತಿ. ನಮ್ಮಲ್ಲಿ ಕೋರು, ಪಾಲು ಅನ್ನುತ್ತೇವಲ್ಲ, ಅದೇ. ನೆಲ ಒಡೆಯನದ್ದು, ದುಡಿಮೆ ರೈತನದ್ದು, ಬೆಳೆ ಅರ್ಧ ಅರ್ಧ. ಒಂದೊಂದು ಗುಡ್ಡದ ಮೇಲೆ ಒಂದೊಂದು ಕಲ್ಲಿನ ಮನೆ. ಕೆಳಗೆ ದನದ ಕೊಟ್ಟಿಗೆ, ಮೇಲೆ ಮೂರು ತಲೆಮಾರಿನ ದೊಡ್ಡ ಕುಟುಂಬ. ಮನೆಯಿಂದ ಮನೆಗೆ, ಹೊಲದಿಂದ ಗಿರಣಿಗೆ, ಹಳ್ಳಿಯಿಂದ ಚರ್ಚಿಗೆ ಎತ್ತಿನ ಗಾಡಿ ಓಡಾಡಲು ಮಾಡಿಕೊಂಡ ದಾರಿಗಳೇ ಈ ಬಿಳಿ ರಸ್ತೆಗಳು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಡುಗರು ಕಾರ್ಖಾನೆ ಕೆಲಸಕ್ಕೆ ಪಟ್ಟಣ ಸೇರಿದರು. ಅರ್ಧ ಬೆಳೆ ಕೊಟ್ಟು ಬದುಕುವುದು ಯಾರಿಗೆ ಬೇಕು? 1964ರ ಕಾನೂನು ಹೊಸ ಪಾಲು ಒಪ್ಪಂದಗಳನ್ನು ನಿಷೇಧಿಸಿತು. ಅಷ್ಟೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಖಾಲಿಯಾದ ಹೊಲಗಳಿಗೆ ಸಾರ್ಡೀನಿಯಾ ದ್ವೀಪದಿಂದ ಕುರಿಗಾಹಿಗಳು ಬಂದರು. ಇವತ್ತು ಪಿಯೆಂಜಾ ಊರಿನ ಹೆಸರಲ್ಲಿ ಮಾರುವ ಕುರಿಹಾಲಿನ ಚೀಸಿನ ಹಿಂದೆ ಅವರ ಕೈ ಇದೆ. ಆಮೇಲೆ ಬಂದವರು ಮುರಿದ ಮನೆಗಳನ್ನು ಕೊಂಡುಕೊಂಡ ಹೊರದೇಶದವರು. ಈಗ ನೀವು ರಾತ್ರಿ ತಂಗುವ ತೋಟದ ಮನೆ ಇದೆಯಲ್ಲ, ಅದರ ಊಟದ ಕೋಣೆ ಒಂದು ಕಾಲದ ಕೊಟ್ಟಿಗೆ. ಗೋಡೆಯಲ್ಲಿ ದನ ಕಟ್ಟುತ್ತಿದ್ದ ಕಬ್ಬಿಣದ ಬಳೆ ಇನ್ನೂ ಇರುತ್ತದೆ. ನೋಡಿ.

ಮೊಂಟಿಕಿಯೆಲ್ಲೊ ಎಂಬ ಪುಟ್ಟ ಹಳ್ಳಿಯಲ್ಲಿ 1967ರಿಂದ ಪ್ರತಿ ಬೇಸಿಗೆ ಊರವರೇ ನಾಟಕ ಬರೆದು ಊರವರೇ ಆಡುತ್ತಾರೆ. ತೆಯಾತ್ರೊ ಪೊವೆರೊ ಅಂತ ಹೆಸರು, ಬಡ ರಂಗಭೂಮಿ. ವಿಷಯ ಬಹುಪಾಲು ತಮ್ಮ ಊರಿನದೇ. ಪಾಲಿನ ಬೇಸಾಯ ಹೋದದ್ದು, ಜನ ಕರಗಿದ್ದು, ಮುಂದೇನು ಅನ್ನುವ ಚಿಂತೆ. ನಾವು ಸೈಕಲ್ ತುಳಿಯುತ್ತಾ "ಆಹಾ ಎಂಥ ಮೌನ" ಅನ್ನುವುದನ್ನೇ ಅವರು ರಂಗದ ಮೇಲೆ ನಿಂತು ಬೇರೆ ದನಿಯಲ್ಲಿ ಹೇಳುತ್ತಾರೆ.

ಊರುಗಳೆಲ್ಲ ಗುಡ್ಡದ ತಲೆ ಮೇಲೇ ಯಾಕೆ? ಕೆಳಗೆ ಕಟ್ಟಬಾರದಿತ್ತಾ?

ಮೂರನೇ ಏರಿನಲ್ಲಿ ಏದುಸಿರು ಬಿಡುವಾಗ ಎಲ್ಲರಿಗೂ ಬರುವ ಪ್ರಶ್ನೆ. ಕೆಳಗಿನ ಕಣಿವೆಗಳಲ್ಲಿ ಕೆಲವೆಡೆ ಜೌಗು, ಸೊಳ್ಳೆ, ಮಲೇರಿಯಾ. ಅದಕ್ಕಿಂತ ದೊಡ್ಡ ಕಾಟ ನೆರೆಯವರದು. ಸಿಯೆನಾಕ್ಕೂ ಫ್ಲಾರೆನ್ಸಿಗೂ ಹಾವು ಮುಂಗುಸಿ ಸಂಬಂಧ. 1260ರಲ್ಲಿ ಮೊಂತಪೆರ್ತಿ ಎಂಬಲ್ಲಿ ಸಿಯೆನಾದವರು ಫ್ಲಾರೆನ್ಸನ್ನು ಬಡಿದು ಹಾಕಿದರು. ಏಳೂವರೆ ಶತಮಾನ ದಾಟಿದೆ, ಸಿಯೆನಾದವರು ಇನ್ನೂ ಮರೆತಿಲ್ಲ. ಫ್ಲಾರೆನ್ಸನ್ನು ಹೊಗಳುವ ಮೊದಲು ಯೋಚಿಸಿ.

ಕೊನೆಗೆ 1555ರಲ್ಲಿ ಸಿಯೆನಾ ಸೋತಿತು. ಆಗ ಅಲ್ಲಿನ ಒಂದಷ್ಟು ಮನೆತನಗಳು ಮೊಂಟಾಲ್ಚಿನೊ ಗುಡ್ಡ ಹತ್ತಿ ಕೂತು, ಇನ್ನೂ ನಾಲ್ಕು ವರ್ಷ ತಮ್ಮ ಗಣರಾಜ್ಯ ಅಲ್ಲೇ ಇದೆ ಅಂದುಕೊಂಡು ಆಳಿದರು. ಆ ಊರಿನ ಏರು ಹತ್ತಿದ ಮೇಲೆ ಅವರು ಅಲ್ಲಿಗೇ ಯಾಕೆ ಹೋದರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಕಾರಣ ದಾರಿ. ಉತ್ತರದಿಂದ ರೋಮಿಗೆ ಹೋಗುವ ಯಾತ್ರಿಕರ ವಿಯಾ ಫ್ರಾಂಚಿಜೆನಾ ಈ ಸೀಮೆಯಲ್ಲೇ ಹಾದು ಹೋಗುತ್ತದೆ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರ ಸುಮಾರಿಗೆ ರೋಮಿನಿಂದ ವಾಪಸ್ ಹೋಗುವಾಗ ತಂಗಿದ ಜಾಗಗಳ ಪಟ್ಟಿ ಉಳಿದಿದೆ. ಇವತ್ತೂ ಬೆನ್ನಿಗೆ ಚೀಲ ಕಟ್ಟಿಕೊಂಡ ನಡಿಗೆಯವರು ಸಿಗುತ್ತಾರೆ. ಕೆಲವು ಬಿಳಿ ರಸ್ತೆಗಳು ಅವರದೂ ಹೌದು. ಬೆಲ್ ಹೊಡೆಯುವ ಬದಲು "ಬೊಂಜೋರ್ನೊ" ಅನ್ನಿ, ಜಾಗ ಬಿಡುತ್ತಾರೆ.

ಏರು ಎಷ್ಟು ಕಷ್ಟ? ನಂದಿ ಬೆಟ್ಟ ಹತ್ತಿದ್ದೇನೆ, ಸಾಕಾ?

ನಂದಿಯನ್ನು ಒಮ್ಮೆ ಹತ್ತಿ ಇಳಿದು ಇಡ್ಲಿ ತಿಂದು ಮನೆಗೆ ಬರುವುದು ಬೇರೆ. ಇಲ್ಲಿನ ಗುಡ್ಡಗಳು ಅಷ್ಟು ದೊಡ್ಡವಲ್ಲ, ಆದರೆ ಮುಗಿಯುವುದಿಲ್ಲ. ಗರಗಸದ ಹಲ್ಲಿನ ಹಾಗೆ. ನೂರು ಮೀಟರ್ ಏರು, ಎಂಬತ್ತು ಇಳಿ, ಮತ್ತೆ ನೂರಿಪ್ಪತ್ತು ಏರು. ಜಲ್ಲಿಯ ಮೇಲೆ 10 ಶೇಕಡಾ ಏರು ಬಂದಾಗ ಹಿಂದಿನ ಚಕ್ರ ಸುಮ್ನೆ ತಿರುಗಿಬಿಡುತ್ತದೆ. ಸೀಟಿನಿಂದ ಏಳಬೇಡಿ. ಭಾರ ಹಿಂದಕ್ಕೇ ಇರಲಿ.

ದೊಡ್ಡ ಏರು ಅಂದರೆ ಬುವೊನ್‌ಕೊನ್ವೆಂತೊದಿಂದ ಮೊಂಟಾಲ್ಚಿನೊಗೆ. ಕೆಳಗಿನ ಊರು 147 ಮೀಟರ್ ಎತ್ತರದಲ್ಲಿದೆ, ಮೇಲಿನದು 564. ನಾಲ್ಕುನೂರು ಮೀಟರಿಗಿಂತ ಜಾಸ್ತಿ. ವಾರಕ್ಕೆ ಎರಡು ಸಲ ತುಳಿಯುವ ಯಾರೇ ಆದರೂ ನಿಧಾನಕ್ಕೆ ಹತ್ತಬಹುದು. ನಿಜವಾದ ತೊಂದರೆ ಮಧ್ಯಾಹ್ನದ್ದು. ಬೇಕಾದದ್ದೆಲ್ಲ ಮೇಲೇ ಇರುತ್ತದೆ. ಕಾಫಿ, ಊಟ, ನೆರಳು, ಹಾಸಿಗೆ. ದಿನದ ಕೊನೆಯ ಎರಡು ಕಿ.ಮೀ. ಯಾವಾಗಲೂ ಏರೇ ಅಂತ ಮನಸ್ಸಿಗೆ ಮೊದಲೇ ಹೇಳಿಡಿ.

ಬೆಂಗಳೂರಿನಲ್ಲಿ ಒಂದೇ ದಿನ 200 ಕಿ.ಮೀ. ಮುಗಿಸುವ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಪ್ರವೀಣರಿದ್ದಾರೆ. ಅವರಿಗೆ ನಾನು ಹೇಳುವ ದಿನಕ್ಕೆ 30 ಕಿ.ಮೀ. ಕೇಳಿದರೆ ನಗು ಬರುತ್ತದೆ. ನಗಲಿ. 30 ಸಾಕು. 45 ದಾಟಿದರೆ ಊರು ನೋಡಲು ಹೊತ್ತೂ ಇರುವುದಿಲ್ಲ, ಕಾಲೂ ಇರುವುದಿಲ್ಲ.

ಆರು ದಿನಕ್ಕೆ ದಾರಿ ಹೇಳಿ.

ನಾನು ಎರಡನೇ ಸಲ ಹೋದ ದಾರಿ ಹೇಳುತ್ತೇನೆ. ಒಟ್ಟು 170 ಕಿ.ಮೀ. ಆಸುಪಾಸು.

ಫ್ಲಾರೆನ್ಸಿನಿಂದ ಸಿಯೆನಾಕ್ಕೆ ರೈಲು, ಒಂದೂವರೆ ಗಂಟೆ. ಸ್ಟೇಷನ್ ಗುಡ್ಡದ ಕೆಳಗೆ. ಅಲ್ಲಿಂದ ಊರಿಗೆ ಎಸ್ಕಲೇಟರುಗಳ ಸಾಲೇ ಇದೆ. ಸೈಕಲ್ಲನ್ನು ಅದರಲ್ಲಿ ತರಲು ಹೋಗಬೇಡಿ, ಊರೊಳಗೆ ಬಾಡಿಗೆಗೆ ಪಡೆಯಿರಿ. ಹೊರಡುವ ಮೊದಲು ಪುರಸಭೆಯ ಅರಮನೆಗೆ ಹೋಗಿ ಆಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಗೋಡೆಯ ಮೇಲೆ ಬರೆದ ಚಿತ್ರ ನೋಡಿ. ಒಳ್ಳೆಯ ಆಡಳಿತ ಇದ್ದರೆ ಊರು, ಹಳ್ಳಿ ಹೇಗಿರುತ್ತದೆ ಅಂತ ತೋರಿಸುವ ಚಿತ್ರ. ಕೋಟೆ ಬಾಗಿಲಿನಿಂದ ಗುಡ್ಡಗಳ ಕಡೆಗೆ ರಸ್ತೆ ಇಳಿಯುತ್ತದೆ. ಹೊಲ, ಬಣವೆ, ಕತ್ತೆ, ಹಂದಿ ಹೊಡೆದುಕೊಂಡು ಬರುವ ರೈತ, ಎಲ್ಲಾ ಇದ್ದಾರೆ. ಮಾರನೇ ಬೆಳಿಗ್ಗೆ ನೀವು ಇಳಿಯುವುದೂ ಅಂಥದೇ ಬಾಗಿಲಿನಿಂದ, ಅದೇ ಗುಡ್ಡಗಳಿಗೆ. ಚಿತ್ರದಲ್ಲಿ ಮಾತ್ರ ರಸ್ತೆ ತುಂಬಾ ಜನ.

ಮೊದಲ ದಿನ ಲೌರೆತಾನಾ ರಸ್ತೆ ಹಿಡಿದು ಅಶಾನೊಗೆ, ಸುಮಾರು 26 ಕಿ.ಮೀ. ಇದು ಡಾಂಬರು, ಆದರೂ ಗಾಡಿ ಕಡಿಮೆ. ಕ್ರೇತೆ ಸೆನೇಸಿ ಎಂಬ ಜೇಡಿ ಗುಡ್ಡಗಳ ನೆತ್ತಿಯ ಮೇಲೇ ಓಡುತ್ತದೆ. ಎರಡೂ ಕಡೆ ಮರವಿಲ್ಲ. ಹೊಲ ಮಾತ್ರ, ಅಲೆಯಂತೆ. ನೆರಳೂ ಇಲ್ಲ ಅಂತ ಬೇರೆ ಹೇಳಬೇಕಿಲ್ಲ.

ಎರಡನೇ ದಿನ ಮೊಂತೆ ಒಲಿವೆತೊ ಮಾಜೋರೆ ಮಠ. 1313ರಲ್ಲಿ ಬೆರ್ನಾರ್ದೊ ತೊಲೊಮೆಯ್ ಕಟ್ಟಿದ್ದು. ಒಳ ಅಂಗಳದ ಸುತ್ತ ಸಂತ ಬೆನೆಡಿಕ್ಟನ ಬದುಕಿನ ಚಿತ್ರಗಳಿವೆ. ಸಿಞೊರೆಲ್ಲಿ ಮತ್ತು ಸೊದೊಮಾ ಎಂಬಿಬ್ಬರು ಬರೆದದ್ದು. ಸೊದೊಮಾ ತನ್ನ ಚಿತ್ರವನ್ನೂ ಸಾಕಿದ ಪ್ರಾಣಿಗಳೊಂದಿಗೆ ಅದರಲ್ಲೇ ತೂರಿಸಿಕೊಂಡಿದ್ದಾನೆ, ಹುಡುಕಿ. ಮಧ್ಯಾಹ್ನ ಮಠ ಮುಚ್ಚುತ್ತದೆ, ಬೇಗ ಹೊರಡಿ. ಅಲ್ಲಿಂದ ಬುವೊನ್‌ಕೊನ್ವೆಂತೊಗೆ ಬರೀ ಇಳಿಜಾರು. ಈ ಸುತ್ತಿನಲ್ಲಿ ಬಯಲಿನಲ್ಲಿರುವ ಕೋಟೆ ಊರು ಅದೊಂದೇ. ನನಗೆ ಅದಕ್ಕೇ ಅದರ ಮೇಲೆ ಪ್ರೀತಿ ಜಾಸ್ತಿ.

ಮೂರನೇ ದಿನ ಕಾಸ್ತಿಲ್ಯೊನ್ ದೆಲ್ ಬೊಸ್ಕೊ ಮೂಲಕ ಮೊಂಟಾಲ್ಚಿನೊ. ಉದ್ದದ ಬಿಳಿ ಏರು, ಕಾಡಿನ ನೆರಳು. ಮೇಲೆ ಹೋಗಿ ಕೋಟೆಯ ಪಕ್ಕ ಕೂತರೆ ತಾನು ಹತ್ತಿ ಬಂದ ದಾರಿ ತನಗೇ ಕಾಣುತ್ತದೆ.

ನಾಲ್ಕನೇ ದಿನ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಬೆಳಿಗ್ಗೆ ಸಾಂತ್ ಆಂತಿಮೊ ಮಠಕ್ಕೆ ಇಳಿಯುವುದು. ಚಕ್ರವರ್ತಿ ಶಾರ್ಲಮೇನ್ ಕಟ್ಟಿಸಿದ ಅನ್ನುವುದು ಐತಿಹ್ಯ, ಈಗ ಕಾಣುವ ಚರ್ಚು 12ನೇ ಶತಮಾನದ್ದು. ಆಲಿವ್ ಮರಗಳ ನಡುವೆ ಒಂಟಿಯಾಗಿ ನಿಂತಿದೆ. ಆಮೇಲೆ ಓರ್ಚಾ ನದಿಯವರೆಗೆ ಇಳಿದು, ಕಾಸ್ತಿಲ್ಯೊನೆ ದೋರ್ಚಾ ಊರಿಗೆ ಮತ್ತೆ ಏರಿ, ಸಂಜೆಗೆ ಬಾಞೊ ವಿಞೊನಿ. ಆ ಹಳ್ಳಿಯ ನಡು ಚೌಕದಲ್ಲಿ ನೆಲವೇ ಇಲ್ಲ, ನೀರಿದೆ. ದೊಡ್ಡ ಕಲ್ಯಾಣಿ, ಅದರಲ್ಲಿ ಬಿಸಿನೀರು ಬುಗ್ಗೆ. ಚಳಿಗೆ ಹಬೆ ಏಳುತ್ತದೆ. ಅದರಲ್ಲಿ ಇಳಿಯುವ ಹಾಗಿಲ್ಲ. ಆದರೆ ನೀರು ಹರಿದು ಹೋಗುವ ಕಲ್ಲಿನ ಕಾಲುವೆಗಳು ಹಳ್ಳಿಯ ಅಂಚಿನಲ್ಲಿವೆ, ಹಳೇ ಗಿರಣಿಗಳ ಹತ್ತಿರ. ಅಲ್ಲಿ ಶೂ ಬಿಚ್ಚಿ ಕಾಲು ಇಳಿಬಿಟ್ಟು ಕೂತೆ. ನನ್ನ ಪಕ್ಕ ರೋಮಿಗೆ ನಡೆದು ಹೊರಟಿದ್ದವರೊಬ್ಬರು ಕೂತಿದ್ದರು. ಅವರ ಕಾಲು ನೋಡಿದ ಮೇಲೆ ನನ್ನ ಕಾಲಿನ ದೂರು ಹೇಳಿಕೊಳ್ಳಲಿಲ್ಲ.

ಐದನೇ ದಿನ ಸಾನ್ ಕ್ವಿರಿಕೊ, ವಿತಾಲೆತಾ ಎಂಬ ಒಂಟಿ ಪ್ರಾರ್ಥನಾ ಮಂದಿರ, ಪಿಯೆಂಜಾ, ಮೊಂಟಿಕಿಯೆಲ್ಲೊ, ಮೊಂಟೆಪುಲ್ಚಾನೊ. ಪಿಯೆಂಜಾ ಮಧ್ಯಯುಗದ ಊರು ಅನ್ನಲಾಗದು. ಕೊರ್ಸಿಞಾನೊ ಎಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗ ಎರಡನೇ ಪಿಯುಸ್ ಎಂಬ ಪೋಪ್ ಆದ. 1459ರಿಂದ ನಾಲ್ಕೈದು ವರ್ಷದೊಳಗೆ ತನ್ನ ಹಳ್ಳಿಯ ನಡುಭಾಗವನ್ನು ಒಡೆದು ಕಟ್ಟಿಸಿ ತನ್ನ ಹೆಸರನ್ನೇ ಇಟ್ಟ. ಮುಖ್ಯ ರಸ್ತೆಯಲ್ಲಿ ಪ್ರವಾಸಿ ಕಾರುಗಳು ಜಾಸ್ತಿ, ಆದಷ್ಟು ಮಣ್ಣಿನ ದಾರಿ ಹಿಡಿಯಿರಿ.

ಆರನೇ ದಿನ ಕಿಯೂಸಿಗೆ ಇಳಿದು ರೈಲು.

ಯಾವ ಸೈಕಲ್ ಒಳ್ಳೆಯದು? ಇಲ್ಲಿಂದಲೇ ತಗೊಂಡು ಹೋಗಬಹುದಾ?

ವಿಮಾನದಲ್ಲಿ ಪೆಟ್ಟಿಗೆ ಕಟ್ಟಿ ಒಯ್ಯಬಹುದು. ವಾರದ ಪ್ರವಾಸಕ್ಕೆ ಆ ರಗಳೆ ಬೇಡ. ಬಾಡಿಗೆ ಸಾಕು. ಟಯರು 38–40 ಮಿ.ಮೀ. ಅಗಲ ಇರಲಿ, ಗಾಳಿ ಸ್ವಲ್ಪ ಕಡಿಮೆ ಇರಲಿ. ರೇಸಿನ ತೆಳು ಟಯರಿನಲ್ಲಿ ಬಂದ ಇಬ್ಬರನ್ನು ದಾರಿಯಲ್ಲಿ ಕಂಡೆ, ಇಬ್ಬರೂ ಪಂಚರ್ ಹಾಕುತ್ತಿದ್ದರು. ಗೇರಿನ ವಿಷಯಕ್ಕೆ ಒಂದೇ ಮಾತು: ಅತಿ ಹಗುರ ಗೇರಿನಲ್ಲಿ ಹಿಂದಿನ ಹಲ್ಲಿನ ಚಕ್ರ ಮುಂದಿನದಕ್ಕಿಂತ ಚಿಕ್ಕದಿರಬಾರದು.

ಬ್ರೇಕು ಅಂಗಡಿಯ ಮುಂದೆಯೇ ನೋಡಿಕೊಳ್ಳಿ. ಮೊದಲ ಸಲ ನಾನು ಬಾಡಿಗೆಗೆ ಪಡೆದ ಸೈಕಲ್ಲಿನ ಹಿಂದಿನ ಬ್ರೇಕ್ ಪ್ಯಾಡು ಸವೆದು ಲೋಹ ಕಾಣುತ್ತಿತ್ತು. ಅದು ಗೊತ್ತಾದದ್ದು ಸಾಂತ್ ಆಂತಿಮೊ ಇಳಿಜಾರಿನಲ್ಲಿ. ಕೀ ಅಂತ ಕೂಗುತ್ತಾ ಇಳಿದೆ, ಸೈಕಲ್ಲೂ ನಾನೂ.

ಎಲೆಕ್ಟ್ರಿಕ್ ಸೈಕಲ್ ತಗೊಂಡ್ರೆ ಮೋಸ ಅಲ್ವಾ?

ಅಲ್ಲ. ಜೋಡಿಯಾಗಿ ಹೋಗುವವರಲ್ಲಿ ಒಬ್ಬರಿಗೆ ಅಭ್ಯಾಸ ಕಡಿಮೆ ಇದ್ದರೆ ಮನೆಯ ಶಾಂತಿಗೂ ಅದೇ ಒಳ್ಳೆಯದು. ಯುರೋಪಿನಲ್ಲಿ ಮೋಟರಿನ ನೆರವು ಗಂಟೆಗೆ 25 ಕಿ.ಮೀ. ತನಕ ಮಾತ್ರ, ಮೋಟರಿನ ಶಕ್ತಿ 250 ವಾಟ್. ತುಳಿಯದೆ ಮುಂದೆ ಹೋಗುವುದಿಲ್ಲ. ತೂಕ ಜಾಸ್ತಿ, ಹಾಗಾಗಿ ಜಲ್ಲಿಯ ಇಳಿಜಾರಿನಲ್ಲಿ ಹುಷಾರು. ಅದರ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಬಾಡಿಗೆಗೆ ಪಡೆಯಬೇಕು.

ಯಾವ ತಿಂಗಳು?

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಅಥವಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಫೋಟೋಗಳಲ್ಲಿ ಕಾಣುವ ಹಸಿರು ಗೋಧಿ ಹೊಲ ಬೇಕಾದರೆ ಮೇ. ಜೂನಿಗೆ ಎಲ್ಲಾ ಹೊಂಬಣ್ಣ. ಅಕ್ಟೋಬರಿನಲ್ಲಿ ಉತ್ತ ಹೊಲ, ಬೂದು ಮತ್ತು ಕಂದು. ಹಸಿರು ಹುಡುಕಿ ಬಂದವರಿಗೆ ಬೇಸರ, ನನಗೆ ಅದೇ ಇಷ್ಟ. ದ್ರಾಕ್ಷಿ ಕೊಯ್ಲಿನ ಹುಳಿ ವಾಸನೆ ಊರ ತುಂಬಾ ಇರುತ್ತದೆ.

ಜುಲೈ, ಆಗಸ್ಟ್ ಬೇಡ. ಬಿಸಿಲು ವಿಪರೀತ, ರೂಮೂ ಸಿಗದು. ಜುಲೈ 2 ಮತ್ತು ಆಗಸ್ಟ್ 16ಕ್ಕೆ ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ. ನೋಡಬೇಕಾದದ್ದೇ, ಆದರೆ ಸೈಕಲ್ ಸಮೇತ ಅಲ್ಲ.

ಮಳೆ ಬಂದ್ರೆ?

ಡಾಂಬರು ರಸ್ತೆಗೆ ಹೋಗಿ. ಜಲ್ಲಿ ಹಾಸಿದ ಬಿಳಿ ರಸ್ತೆ ಪರವಾಗಿಲ್ಲ, ಆದರೆ ಹೊಲದ ನಡುವಿನ ದಾರಿಗೆ ಇಳಿಯಬೇಡಿ. ಕ್ರೇತೆಯ ಜೇಡಿಮಣ್ಣು ಕುಂಬಾರರ ಮಣ್ಣಿನ ಹಾಗೆ. ಜಿಪಿಎಸ್ ತೋರಿಸಿದ ಅಡ್ಡದಾರಿ ನಂಬಿ ನಾನು ಒಮ್ಮೆ ಇಳಿದೆ. ಇಪ್ಪತ್ತು ಹೆಜ್ಜೆಗೆ ಎರಡೂ ಚಕ್ರ ಕಚ್ಚಿಕೊಂಡು ನಿಂತವು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ವಾಪಸ್ ಬಂದೆ. ಶೂ ಎರಡೂ ಮುದ್ದೆಗಾತ್ರ ಆಗಿದ್ದವು.

ಸಸ್ಯಾಹಾರಿಗಳು ಬದುಕಬಹುದಾ?

ಚೆನ್ನಾಗಿಯೇ ಬದುಕಬಹುದು. ಈ ಸೀಮೆಯ ಅಡುಗೆಯೇ ಬಡ ರೈತರದ್ದು. ಕಾಳು, ಸೊಪ್ಪು, ಹಳೇ ರೊಟ್ಟಿ, ಆಲಿವ್ ಎಣ್ಣೆ. ಪಿಚಿ ಅಂತ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ ಸಿಗುತ್ತದೆ. ಹಿಟ್ಟು, ನೀರು ಅಷ್ಟೇ. 'ಆಲ್ಯೋನೆ' ಎಂಬ ದೊಡ್ಡ ಬೆಳ್ಳುಳ್ಳಿ ಮತ್ತು ಟೊಮೆಟೊ ಗೊಜ್ಜಿನ ಜೊತೆ ಕೇಳಿ. ರಿಬೊಲ್ಲಿತಾ ಅಂದರೆ ಮತ್ತೆ ಕುದಿಸಿದ್ದು ಅಂತ ಅರ್ಥ. ಹುರುಳಿಕಾಯಿಯ ಬಿಳಿ ಕಾಳು, ಕಪ್ಪು ಎಲೆಕೋಸು, ರೊಟ್ಟಿ ಹಾಕಿ ಕುದಿಸಿ, ಮಾರನೇ ದಿನ ಮತ್ತೆ ಕುದಿಸಿದ ಸಾರು. ಹಳೇ ಹುಳಿಯ ರುಚಿ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಅದನ್ನು ಮಾಂಸದ ನೀರಿನಲ್ಲಿ ಮಾಡಿದ್ದಾರಾ ಅಂತ ಕೇಳಿಕೊಳ್ಳಿ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಪರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ.

ಇಲ್ಲಿನ ಬ್ರೆಡ್ಡಿನಲ್ಲಿ ಉಪ್ಪಿಲ್ಲ. ಮರೆತದ್ದಲ್ಲ, ಹಾಕುವುದೇ ಇಲ್ಲ. ಮೊದಲ ದಿನ ಕಾಗದ ತಿಂದ ಹಾಗಿತ್ತು. ಎರಡನೇ ದಿನದಿಂದ ಮಾವಿನಮಿಡಿ ಉಪ್ಪಿನಕಾಯಿ ಹಚ್ಚಿ ತಿಂದೆ. ಮನೆಯ ಯಜಮಾನಿಗೂ ಕೊಟ್ಟೆ. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಮಿಡಿ ಕೇಳಿ ತೆಗೆದುಕೊಂಡರು.

ಊಟದ ಹೊತ್ತು ಮೀರಬೇಡಿ. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳೂವರೆಯ ತನಕ ಒಲೆ ಹಚ್ಚುವುದಿಲ್ಲ. ದಿನಸಿ ಅಂಗಡಿಯೂ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಕಡಲೆಕಾಯಿ ಚಿಕ್ಕಿ ಚೀಲದಲ್ಲಿರಲಿ. ಹಾಲು, ಮಾಂಸದ ಪದಾರ್ಥಗಳನ್ನು ಮಾತ್ರ ಊರಿಂದ ಒಯ್ಯುವ ಹಾಗಿಲ್ಲ.

ನೀರು?

ಹೆಚ್ಚಿನ ಊರುಗಳಲ್ಲಿ ನಲ್ಲಿ ಇದೆ. 'ನೊನ್ ಪೊತಾಬಿಲೆ' ಅಂತ ಬರೆದಿದ್ದರೆ ಕುಡಿಯಬೇಡಿ. ಊರುಗಳ ನಡುವೆ ಏನೂ ಸಿಗದು, ಎರಡು ಬಾಟಲಿ ತುಂಬಿಕೊಂಡೇ ಹೊರಡಿ.

ರಸ್ತೆ ನಿಯಮ?

ಬಲಕ್ಕೆ. ಇದನ್ನು ಎಲ್ಲರೂ ಗೊತ್ತು ಗೊತ್ತು ಅನ್ನುತ್ತಾರೆ. ಗಾಡಿಗಳಿರುವ ರಸ್ತೆಯಲ್ಲಿ ಯಾರೂ ತಪ್ಪುವುದಿಲ್ಲ, ಎದುರಿನವರು ನೆನಪಿಸುತ್ತಾರೆ. ಅಪಾಯ ಇರುವುದು ಖಾಲಿ ರಸ್ತೆಯಲ್ಲೇ. ನೀರು ಕುಡಿಯಲು ನಿಂತೆ, ಮತ್ತೆ ಹತ್ತಿದೆ, ನಲವತ್ತು ವರ್ಷದ ಅಭ್ಯಾಸ ನನ್ನನ್ನು ಎಡಕ್ಕೆ ತಂದಿತ್ತು. ತಿರುವಿನಲ್ಲಿ ಟ್ರ್ಯಾಕ್ಟರು ಬಂತು. ಆತ ಬಯ್ಯಲಿಲ್ಲ. ಬೆರಳಲ್ಲಿ ಆ ಕಡೆ ತೋರಿಸಿದ ಅಷ್ಟೇ. ಅವತ್ತಿನಿಂದ ಹ್ಯಾಂಡಲ್ಲಿನ ಬಲಗಡೆಗೆ ಒಂದು ಕೆಂಪು ದಾರ ಕಟ್ಟಿಕೊಂಡೆ.

ಊರ ಹೊರಗೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಕತ್ತಲಾದ ಮೇಲೆ ಊರ ಹೊರಗೆ, ಮತ್ತು ಸುರಂಗಗಳಲ್ಲಿ, ಮಿನುಗುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ದೊಡ್ಡವರಿಗೆ ಕಡ್ಡಾಯವಲ್ಲ, ಹಾಕಿಕೊಳ್ಳಿ. ಮೊಂಟಾಲ್ಚಿನೊದಲ್ಲಿ ಬ್ರುನೆಲ್ಲೊ ವೈನು ಕುಡಿಯುವವರು ಸೈಕಲ್ ಒರಗಿಸಿಟ್ಟ ಮೇಲೆ ಕುಡಿಯಿರಿ. ಕುಡಿದು ತುಳಿದರೂ ಅಲ್ಲಿ ದಂಡ ಇದೆ. ತುರ್ತಿಗೆ 112.

ನಾಯಿ? ಕಾಡುಹಂದಿ?

ಹಂದಿ ರಾತ್ರಿಯದು, ಹಗಲು ಅದರ ಗೊರಸಿನ ಗುರುತು ಮಾತ್ರ. ಸೆಪ್ಟೆಂಬರ್ ಮೂರನೇ ಭಾನುವಾರದಿಂದ ಬೇಟೆಯ ಕಾಲ. ಕಾಡಿನ ಅಂಚಿನಲ್ಲಿ ಕೋವಿಯ ಸದ್ದು ಕೇಳಿದರೆ ಗಾಬರಿ ಬೇಡ, ಆದರೆ ರಸ್ತೆ ಬಿಟ್ಟು ಪೊದೆಗೆ ಹೋಗಬೇಡಿ.

ನಾಯಿಯ ಮಾತು ಬೇರೆ. ಕುರಿಮಂದೆಯ ಜೊತೆ ಮರೆಮ್ಮಾ ತಳಿಯ ದೊಡ್ಡ ಬಿಳಿ ನಾಯಿಗಳಿರುತ್ತವೆ. ದೂರದಿಂದ ಅವೂ ಕುರಿಗಳ ಹಾಗೇ ಕಾಣುತ್ತವೆ, ಅದೇ ಪಜೀತಿ. ಓಡಿಸಿಕೊಂಡು ಪಾರಾಗಲು ನೋಡಬೇಡಿ. ಇಳಿಯಿರಿ. ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು, ಮಂದೆಯಿಂದ ದೂರ ನಿಧಾನ ನಡೆಯಿರಿ. ಅದಕ್ಕೆ ಬೇಕಾದದ್ದು ನಿಮ್ಮ ಕಾಲಲ್ಲ, ತನ್ನ ಕುರಿ.

ವೀಸಾ?

ಶೆಂಗೆನ್ ವೀಸಾ. ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಪ್ರತಿ ರಾತ್ರಿ ಬೇರೆ ಬೇರೆ ಊರಿನಲ್ಲಿ ತಂಗುವವರು ಎಲ್ಲಾ ಬುಕಿಂಗ್ ಕಾಗದಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಕೊಡಿ.

ವಾಪಸ್ ರೈಲಿಗೆ ಸೈಕಲ್ ಹತ್ತಿಸಬಹುದಾ?

ಪ್ರಾದೇಶಿಕ ರೈಲುಗಳಲ್ಲಿ ಹತ್ತಿಸಬಹುದು. ಬೋಗಿಯ ಮೇಲೆ ಸೈಕಲ್ ಚಿತ್ರ ಇರುತ್ತದೆ. ಸೈಕಲ್ಲಿಗೂ ಒಂದು ಸಣ್ಣ ಟಿಕೆಟ್. ವೇಗದ ರೈಲಿಗೆ ಬಿಚ್ಚಿ ಚೀಲದಲ್ಲಿ ತುಂಬಬೇಕು. ಮೊಂಟೆಪುಲ್ಚಾನೊ ಹೆಸರಿನ ಸ್ಟೇಷನ್ ಊರಿನಿಂದ ದೂರ, ಅಲ್ಲಿ ನಿಲ್ಲುವ ರೈಲೂ ಕಡಿಮೆ. ಕಿಯೂಸಿ ವಾಸಿ. ಫ್ಲಾರೆನ್ಸ್–ರೋಮ್ ಹಳೇ ಮಾರ್ಗದಲ್ಲಿದೆ, ಹೋಗುವ ದಾರಿಯಲ್ಲಿ ಎರಡು ಕೆರೆಗಳೂ ಸಿಗುತ್ತವೆ. ಬಾಡಿಗೆ ಸೈಕಲ್ಲನ್ನು ಸಿಯೆನಾಕ್ಕೇ ಮರಳಿಸಬೇಕಾದರೆ ಅಲ್ಲಿಂದ ಆ ಕಡೆಗೂ ರೈಲು ಇದೆ.

ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ. ಸೈಕಲ್ಲಿನ ಟಿಕೆಟ್ಟಿಗೂ ಒತ್ತಿಸಿ. ಹತ್ತಿಸುವ ಮೊದಲು ಚಕ್ರವನ್ನು ಒಮ್ಮೆ ನೆಲಕ್ಕೆ ಕುಟ್ಟಿ. ನಾನು ಕುಟ್ಟಿರಲಿಲ್ಲ. ಫ್ಲಾರೆನ್ಸ್ ಮುಟ್ಟುವಷ್ಟರಲ್ಲಿ ಎದುರು ಕೂತಿದ್ದವರ ಕರಿ ಪ್ಯಾಂಟು ಮೊಣಕಾಲಿನವರೆಗೆ ಬೆಳ್ಳಗಾಗಿತ್ತು.